ಶಾರ್ಕ್ ಮೀನೂ ಮುಳುಗುಗಾರನೂ

ಬೆಂಗಳೂರು ಸಮುದ್ರವನ್ನು ಕಾಣದ ಊರು. ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದ ಪ್ರಸ್ಥಭೂಮಿಯ ಮೇಲಿರುವ ಈ ನಗರದಲ್ಲಿ ಬಸವನಗುಡಿ, ಚಾಮರಾಜಪೇಟೆಗಳ ಮಕ್ಕಳಿಗೆ ದೊಡ್ಡ ನೀರೆಂದರೆ ಕೆಂಪಾಂಬುಧಿ ಕೆರೆ. ಮಲ್ಲೇಶ್ವರದವರಿಗೆ ಸ್ಯಾಂಕಿ ಕೆರೆ. ಆದರೂ ‘ಶಾರ್ಕ್’ ಎಂಬ ಹೆಸರನ್ನು ಕೇಳಿದೊಡನೆ ಈ ಮಕ್ಕಳ ಕಣ್ಣಮುಂದೆ ನೀರನ್ನು ಸೀಳಿಕೊಂಡು ಬರುವ ತ್ರಿಕೋನಾಕಾರದ ಈಜುರೆಕ್ಕೆಯೊಂದು ಸುಳಿಯದೆ ಇರದು. ಎಂದೂ ಕಾಣದ ಪ್ರಾಣಿಯನ್ನು ಕುರಿತು ಇಷ್ಟು ನಿಶ್ಚಿತವಾದ ಭಯ ಎಲ್ಲಿಂದ ಬಂದಿತು? ಬಹುಮಟ್ಟಿಗೆ ಪುಸ್ತಕದಿಂದ ಮತ್ತು ಬೆಳ್ಳಿತೆರೆಯಿಂದ. ಅಮೆರಿಕದ ಪೀಟರ್ ಬೆಂಚ್ಲಿ 1974ರಲ್ಲಿ ‘ಜಾಸ್’ ಎಂಬ ಕಾದಂಬರಿಯನ್ನು ಪ್ರಕಟಿಸಿದನು; ಮರುವರ್ಷವೇ ಸ್ಟೀವನ್ ಸ್ಪೀಲ್‌ಬರ್ಗ್ ಅದನ್ನು ಚಲಚ್ಚಿತ್ರವಾಗಿ ತೆಗೆದನು. ಅಂದಿನಿಂದ ಶಾರ್ಕ್ ಎಂದರೆ ನರಭಕ್ಷಕ ಎಂಬ ಭಾವನೆ ಲೋಕದಲ್ಲೆಲ್ಲ ಬೇರೂರಿತು. ಆ ಕಥೆಯನ್ನು ಬರೆದ ಬೆಂಚ್ಲಿಯೇ ಮುಂದೆ ಶಾರ್ಕುಗಳ ರಕ್ಷಣೆಗಾಗಿ ಬಹುಕಾಲ ದುಡಿದನೆಂಬ ಸಂಗತಿ ಮಾತ್ರ ಅಷ್ಟು ಜನರಿಗೆ ತಿಳಿಯದು.

ಇಂದು ಈ ಪ್ರಶ್ನೆ ನಮಗೆ ಬರಿಯ ಕುತೂಹಲದ್ದಾಗಿ ಉಳಿದಿಲ್ಲ. ಬೆಂಗಳೂರಿನ ಕಾಲೇಜು ವಿದ್ಯಾರ್ಥಿಗಳು ರಜೆಯಲ್ಲಿ ಮುರುಡೇಶ್ವರಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಉರುಳೆಯನ್ನು ಕಟ್ಟಿಕೊಂಡು ಸಮುದ್ರದೊಳಕ್ಕೆ ಇಳಿಯುತ್ತಿದ್ದಾರೆ. ‘ಅಲ್ಲಿ ಶಾರ್ಕ್ ಇದೆಯಂತಲ್ಲ?’ ಎಂದು ಮನೆಯವರು ಕೇಳುವುದು ಸಹಜ. ಇದಕ್ಕೆ ಉತ್ತರ: ಹೌದು, ಇದೆ. ಆದರೆ ಇರುವುದು ಬೇರೆ, ಅಪಾಯ ಬೇರೆ. ಅಪಾಯ ನಿಜವಾಗಿ ಎಲ್ಲಿದೆ, ಎಷ್ಟಿದೆ ಎಂಬುದನ್ನು ಅಳೆದು ನೋಡುವುದೇ ಈ ಲೇಖನದ ಉದ್ದೇಶ.

ನೇತ್ರಾಣಿಯ ನೀರಿನಲ್ಲಿ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ಎಂಬ ಪುಟ್ಟ ನಡುಗಡ್ಡೆಯಿದೆ. ಅದರ ಬಂಡೆಗಳ ಬುಡದಲ್ಲಿ ಹವಳದ ಹುಳುಗಳು ಮನೆ ಮಾಡಿಕೊಂಡಿವೆ. ಅವನ್ನು ಆಶ್ರಯಿಸಿ ಬಣ್ಣಬಣ್ಣದ ಮೀನುಗಳು, ಅವನ್ನು ತಿನ್ನುವ ದೊಡ್ಡ ಮೀನುಗಳು ಬಾಳುತ್ತಿವೆ. ಮಳೆಗಾಲದಲ್ಲಿ ಕಡಲು ಕೆರಳಿ ನೀರು ಕದಡುವುದರಿಂದ ಆಗ ಮುಳುಗುವ ಕೆಲಸ ನಿಲ್ಲುತ್ತದೆ. ಚಳಿಗಾಲದ ತಿಂಗಳುಗಳಲ್ಲಿ ನೀರು ತಿಳಿಯಾಗುತ್ತದೆ.

ಮುಳುಗುಗಾರನು ಹೊರುವ ಸಾಧನಕ್ಕೆ ‘ಸ್ಕೂಬಾ’ ಎಂದು ಹೆಸರು. ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ಎಂಬವರು 1943ರಲ್ಲಿ ಇದಕ್ಕೆ ಬಳಕೆಗೆ ಯೋಗ್ಯವಾದ ರೂಪವನ್ನು ಕೊಟ್ಟರು. ಉರುಳೆಯಲ್ಲಿ ಒತ್ತಿ ತುಂಬಿದ ಗಾಳಿಯನ್ನು, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ, ಉಸಿರಿಗೆ ಬೇಕಾದಷ್ಟೇ ಬಿಟ್ಟುಕೊಡುವ ಕವಾಟವೇ ಇದರ ಜೀವಾಳ.

ನೇತ್ರಾಣಿಯಲ್ಲಿ ಮುಳುಗುಗಾರರಿಗೆ ಕಾಣಸಿಗುವ ಶಾರ್ಕುಗಳಲ್ಲಿ ಮುಖ್ಯವಾದುವು ಎರಡು. ಮೊದಲನೆಯದು ರೆಕ್ಕೆಗಳ ತುದಿ ಕಪ್ಪಾಗಿರುವ ಹವಳದಿಬ್ಬದ ಶಾರ್ಕ್. ಉದ್ದ ಸುಮಾರು ಒಂದೂವರೆ ಮೀಟರು. ಮನುಷ್ಯನನ್ನು ಕಂಡರೆ ಇದು ಸಾಮಾನ್ಯವಾಗಿ ದೂರ ಸರಿಯುತ್ತದೆ. ಎರಡನೆಯದು ಬಿದಿರು ಶಾರ್ಕ್. ಮೀಟರಿನಷ್ಟು ಉದ್ದವೂ ಬೆಳೆಯದ ಇದು ಹಗಲೆಲ್ಲ ಕಲ್ಲುಸಂದಿಗಳಲ್ಲಿ ಮಲಗಿದ್ದು, ಪುಟ್ಟ ಮೀನು, ಸೀಗಡಿಗಳನ್ನು ತಿಂದು ಬಾಳುತ್ತದೆ. ಎಂದಾದರೊಮ್ಮೆ ತಿಮಿಂಗಿಲ ಶಾರ್ಕ್ ಈ ಕಡೆ ಸುಳಿಯುವುದುಂಟು. ಹನ್ನೆರಡು ಮೀಟರಿಗೂ ಮೀರಿ ಬೆಳೆಯಬಲ್ಲ ಇದು ಭೂಮಿಯ ಮೇಲಿನ ಮೀನುಗಳಲ್ಲೆಲ್ಲ ದೊಡ್ಡದು; ಆದರೆ ಇದರ ಆಹಾರ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು, ಮೊಟ್ಟೆಗಳು, ಪುಟ್ಟ ಮೀನುಗಳು. ಗಾತ್ರಕ್ಕೂ ಕ್ರೌರ್ಯಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು.

ಲೋಕದಲ್ಲಿ ಐನೂರಕ್ಕೂ ಹೆಚ್ಚು ಜಾತಿಯ ಶಾರ್ಕುಗಳಿವೆ. ಮನುಷ್ಯನಿಗೆ ಮಾರಕವಾದ ಕಡಿತಗಳಲ್ಲಿ ಬಹುಪಾಲು ಮೂರೇ ಜಾತಿಗಳಿಂದ ಆದುವು: ದೊಡ್ಡ ಬಿಳಿ ಶಾರ್ಕ್, ಹುಲಿ ಶಾರ್ಕ್ ಮತ್ತು ಬುಲ್ ಶಾರ್ಕ್. ಇವುಗಳಲ್ಲಿ ಬುಲ್ ಶಾರ್ಕ್ ಉಪ್ಪುನೀರನ್ನು ಬಿಟ್ಟು ನದಿಗಳೊಳಕ್ಕೂ ಈಜಿ ಬರಬಲ್ಲುದು. ನಮ್ಮ ಕರಾವಳಿಯ ಮೀನುಗಾರರು ತುಳುವಿನಲ್ಲಿ ತಾಟೆ ಎಂದೂ ಕೊಂಕಣಿಯಲ್ಲಿ ಮೋರಿ ಎಂದೂ ಕರೆಯುವುದು ಇದೇ ಶಾರ್ಕ್ ಕುಲವನ್ನು. ಅವರಿಗೆ ಇದು ಭಯದ ವಸ್ತುವಲ್ಲ. ಬಲೆಗೆ ಬಿದ್ದು ಪೇಟೆಗೆ ಬರುವ ಮೀನು.

ಆರನೆಯ ಇಂದ್ರಿಯ

ಶಾರ್ಕ್ ಏಕೆ ಕಚ್ಚುತ್ತದೆ ಎಂಬುದನ್ನು ಅರಿಯಬೇಕಾದರೆ, ಅದು ಲೋಕವನ್ನು ಹೇಗೆ ಅರಿಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ದೂರದಿಂದ ಅದಕ್ಕೆ ಮೊದಲು ಮುಟ್ಟುವುದು ಶಬ್ದ. ಗಾಯಗೊಂಡ ಮೀನು ಒದ್ದಾಡುವಾಗ ಏಳುವ ಮಂದ್ರ ಕಂಪನಗಳು ನೀರಿನಲ್ಲಿ ಬಹುದೂರ ಸಾಗುತ್ತವೆ. ಬಳಿಕ ವಾಸನೆ. ಸಮುದ್ರದಲ್ಲಿ ಒಂದು ತೊಟ್ಟು ರಕ್ತ ಬಿದ್ದರೆ ಶಾರ್ಕ್ ಹರದಾರಿಗಳ ದೂರದಿಂದ ಧಾವಿಸಿ ಬರುವುದೆಂಬ ಮಾತು ಕಟ್ಟುಕತೆ. ವಾಸನೆಯ ಕಣಗಳನ್ನು ನೀರಿನ ಹರಿವು ಹೊತ್ತು ತಂದಲ್ಲದೆ ಅದಕ್ಕೆ ತಿಳಿಯದು; ಅದರ ಘ್ರಾಣಶಕ್ತಿಯೂ ಉಳಿದ ಅನೇಕ ಮೀನುಗಳದಕ್ಕಿಂತ ಅದ್ಭುತವಾದುದಲ್ಲವೆಂದು ಪ್ರಯೋಗಗಳು ತೋರಿಸಿವೆ. ಸಮೀಪಕ್ಕೆ ಬಂದಾಗ ದೃಷ್ಟಿ ನೆರವಾಗುತ್ತದೆ. ಮಂದ ಬೆಳಕಿನಲ್ಲಿ ಅದರ ಕಣ್ಣು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಪರೀಕ್ಷಿಸಿದ ಅನೇಕ ಜಾತಿಗಳಿಗೆ ಬಣ್ಣಗಳ ಭೇದ ತಿಳಿಯದೆಂದು ಕಂಡುಬಂದಿದೆ. ಬೆಳಕು ನೆರಳುಗಳ ವ್ಯತ್ಯಾಸವೇ ಅವುಗಳಿಗೆ ಮುಖ್ಯ.

ಇವೆಲ್ಲಕ್ಕಿಂತ ವಿಚಿತ್ರವಾದುದು ಇನ್ನೊಂದಿದೆ. ಶಾರ್ಕಿನ ಮೂತಿಯ ಮೇಲೆ ಸೂಜಿಮೊನೆಯಿಂದ ಚುಚ್ಚಿದಂತೆ ನೂರಾರು ರಂಧ್ರಗಳಿವೆ. ಇಟಲಿಯ ಸ್ಟೆಫಾನೋ ಲೊರೆಂಜಿನಿ ಎಂಬವನು 1678ರಲ್ಲೇ ಇವನ್ನು ವರ್ಣಿಸಿದನು; ಆದರೆ ಇವು ಏತಕ್ಕೆ ಎಂಬುದು ಸುಮಾರು ಮುನ್ನೂರು ವರ್ಷಗಳವರೆಗೆ ಒಗಟಾಗಿಯೇ ಉಳಿಯಿತು. 1971ರಲ್ಲಿ ಆಡ್ರಿಯಾನಸ್ ಕಾಲ್ಮೈನ್ ಎಂಬ ವಿಜ್ಞಾನಿ ಅದನ್ನು ಸೊಗಸಾದ ಪ್ರಯೋಗದಿಂದ ಬಿಡಿಸಿದನು. ತೊಟ್ಟಿಯ ಮರಳಿನಡಿಯಲ್ಲಿ ಚಪ್ಪಟೆ ಮೀನೊಂದನ್ನು ಅಡಗಿಸಿಟ್ಟನು. ಪುಟ್ಟ ಶಾರ್ಕ್ ಅದನ್ನು ತಪ್ಪದೆ ಹುಡುಕಿ ತೆಗೆಯಿತು. ವಿದ್ಯುತ್ತನ್ನು ಬಿಡುವ, ಆದರೆ ವಾಸನೆಯನ್ನು ತಡೆಯುವ ಅಗಾರ್ ಎಂಬ ಲೋಳೆಯ ಗೂಡನ್ನು ಮೀನಿನ ಮೇಲೆ ಮುಚ್ಚಿದನು. ಆಗಲೂ ಶಾರ್ಕ್ ಸರಿಯಾದ ಸ್ಥಳಕ್ಕೇ ಎರಗಿತು. ವಿದ್ಯುತ್ತನ್ನು ತಡೆಯುವ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಹಾಸಿದಾಗ ಮಾತ್ರ ಶಾರ್ಕ್ ದಿಕ್ಕುತಪ್ಪಿತು. ಕೊನೆಗೆ ಮೀನನ್ನೇ ತೆಗೆದು, ಅದು ಹೊಮ್ಮಿಸುವಷ್ಟೇ ವಿದ್ಯುತ್ತನ್ನು ಹೊಮ್ಮಿಸುವ ವಿದ್ಯುದ್ವಾರಗಳನ್ನು ಹೂತಿಟ್ಟಾಗ, ಶಾರ್ಕ್ ಮರಳನ್ನು ಕೆದಕಿ ಅವುಗಳ ಮೇಲೆಯೇ ಎರಗಿತು! ಜೀವಿಗಳ ದೇಹದಿಂದ ಹೊಮ್ಮುವ ಅತಿಸೂಕ್ಷ್ಮ ವಿದ್ಯುತ್ತನ್ನು ಅರಿಯುವುದೇ ಆ ರಂಧ್ರಗಳ ಕೆಲಸವೆಂದು ಹೀಗೆ ಸ್ಥಿರವಾಯಿತು.

ಈ ಇಂದ್ರಿಯದ ಸೂಕ್ಷ್ಮತೆಯನ್ನು ಊಹಿಸಿಕೊಳ್ಳುವುದೇ ಕಷ್ಟ. ಒಂದು ಸೆಂಟಿಮೀಟರಿಗೆ ವೋಲ್ಟಿನ ನೂರು ಕೋಟಿಯಲ್ಲಿ ಐದು ಭಾಗದಷ್ಟು ವ್ಯತ್ಯಾಸವನ್ನೂ ಅದು ಗುರುತಿಸಬಲ್ಲುದು. ಲೆಕ್ಕ ಹಾಕಿ ನೋಡಿದರೆ, 1.5 ವೋಲ್ಟಿನ ಟಾರ್ಚ್ ಸೆಲ್ಲಿನ ಎರಡು ಧ್ರುವಗಳನ್ನು 3,000 ಕಿಲೋಮೀಟರು ಅಂತರದಲ್ಲಿ, ಎಂದರೆ ಹೆಚ್ಚುಕಡಮೆ ಕಾಶ್ಮೀರದಿಂದ ಕನ್ಯಾಕುಮಾರಿಯಷ್ಟು ದೂರದಲ್ಲಿ ಇರಿಸಿದಂತಾಯಿತು. ಆದರೆ ಜೀವಿಗಳ ವಿದ್ಯುತ್ತು ನೀರಿನಲ್ಲಿ ಬೇಗನೆ ಕ್ಷೀಣಿಸುವುದರಿಂದ ಈ ಶಕ್ತಿ ಉಪಯೋಗಕ್ಕೆ ಬರುವುದು ಬೇಟೆಯು ಮೂತಿಯ ಬಳಿಗೆ ಬಂದ ಕೊನೆಯ ಕ್ಷಣದಲ್ಲಿ ಮಾತ್ರ.

ಏಕೆ ಕಚ್ಚುತ್ತದೆ?

ಇಷ್ಟೆಲ್ಲ ಇಂದ್ರಿಯಗಳಿದ್ದರೂ ಶಾರ್ಕ್ ತಪ್ಪುವುದುಂಟು. ನೀರಿನ ಮೇಲೆ ಹಲಗೆಯ ಮೇಲೆ ಮಲಗಿ ಕೈಬಡಿಯುವವನ ಆಕಾರವನ್ನು ಕೆಳಗಿನಿಂದ ನೋಡಿದರೆ, ಬೆಳಕಿಗೆದುರಾಗಿ ಕಪ್ಪಗೆ ಕಾಣುತ್ತದೆ. ಎಳೆಯ ಬಿಳಿ ಶಾರ್ಕಿನ ಕಣ್ಣಿಗೆ ಇಂಥವನೂ ಈಜುವವನೂ ಸೀಲ್ ಎಂಬ ಕಡಲಪ್ರಾಣಿಯೂ ಒಂದೇ ತೆರನಾಗಿ ತೋರಬಹುದೆಂದು ಆಸ್ಟ್ರೇಲಿಯದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಶಾರ್ಕಿಗೆ ಕೈಗಳಿಲ್ಲ, ಅಪರಿಚಿತವಾದುದನ್ನು ಕೆಲವೊಮ್ಮೆ ಬಾಯಿಂದಲೇ ಪರೀಕ್ಷಿಸುತ್ತದೆ. ಒಮ್ಮೆ ಕಚ್ಚಿ ಬಿಟ್ಟುಹೋಗುವ ಪ್ರಸಂಗಗಳೇ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಆದರೆ ಆ ಒಂದು ಕಡಿತವೇ ದೊಡ್ಡ ರಕ್ತನಾಳವನ್ನು ಕತ್ತರಿಸಿದರೆ ಪ್ರಾಣಾಪಾಯವಾಗುವುದೆಂಬುದನ್ನೂ ಮರೆಯಲಾಗದು.

ನೀರು ಕದಡಿದ್ದರೆ ತಪ್ಪು ಇನ್ನೂ ಸುಲಭ. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ವೈತರಣಾ ನದಿಯ ನೀರಿಗಿಳಿದಿದ್ದ ಮೀನುಗಾರನೊಬ್ಬನ ಕಾಲನ್ನು ಶಾರ್ಕ್ ಕಚ್ಚಿತು. ಅದು ನಡೆದುದು ತಿಳಿನೀರಿನ ಹವಳದಿಬ್ಬದಲ್ಲಲ್ಲ, ನದಿಯಲ್ಲಿ ಎಂಬುದು ಗಮನಾರ್ಹ.

ಇನ್ನು ಕೆಲವು ಕಡಿತಗಳಿಗೆ ಕಾರಣನು ಮನುಷ್ಯನೇ. ಮಲಗಿರುವ ಶಾರ್ಕಿನ ಬಾಲವನ್ನು ಎಳೆಯುವುದು, ಅದಕ್ಕೆ ಕೈಯಿಂದ ಆಹಾರ ಕೊಡುವುದು, ಈಟಿಯಿಂದ ಹೊಡೆದ ಮೀನನ್ನು ಸೊಂಟಕ್ಕೆ ಕಟ್ಟಿಕೊಂಡು ಈಜುವುದು, ಬಲೆಯಿಂದ ಬಿಡಿಸಲು ಹೋಗುವುದು: ಇವೆಲ್ಲ ಆಹ್ವಾನವಿತ್ತು ಕಚ್ಚಿಸಿಕೊಂಡಂತೆ.

ಅಂಕಿಗಳು ಹೇಳುವುದೇನು?

ಶಾರ್ಕ್ ಕಡಿತಗಳ ಅಂತರರಾಷ್ಟ್ರೀಯ ದಾಖಲೆಯೊಂದನ್ನು 1958ರಿಂದ ಇಡಲಾಗಿದೆ. ಈಗ ಅದು ಅಮೆರಿಕದ ಫ್ಲಾರಿಡಾ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದ ಆಶ್ರಯದಲ್ಲಿದೆ. ಮನುಷ್ಯನು ಕೆಣಕದೆ ಆದ ಕಡಿತ, ಕೆಣಕಿದ್ದರಿಂದ ಆದ ಕಡಿತ ಎಂದು ಅಲ್ಲಿ ಬೇರೆಬೇರೆಯಾಗಿ ಎಣಿಸುತ್ತಾರೆ. 2023ರಲ್ಲಿ ಇಡೀ ಪ್ರಪಂಚದಲ್ಲಿ ಕೆಣಕದೆ ಆದ ಕಡಿತಗಳು 69. ಅವುಗಳಿಂದ ಸತ್ತವರು 10. ಕೆಣಕಿ ಕಚ್ಚಿಸಿಕೊಂಡುದು 22. 2024ರಲ್ಲಿ ಕೆಣಕದೆ ಆದ ಕಡಿತಗಳು 47, ಅವುಗಳಿಂದ ಸಾವು 4. ಕಚ್ಚಿಸಿಕೊಂಡವರು ಯಾರು? ಎರಡು ವರ್ಷಗಳಲ್ಲಿಯೂ 100ಕ್ಕೆ 80ಕ್ಕೂ ಹೆಚ್ಚು ಮಂದಿ ಹಲಗೆಯ ಮೇಲೆ ಅಲೆಯಾಟ ಆಡುವವರು ಮತ್ತು ದಡದ ಬಳಿ ಈಜುವವರು. ಉರುಳೆ ಹೊತ್ತ ಮುಳುಗುಗಾರರ ಪಾಲು ತೀರ ಸ್ವಲ್ಪ.

ಇದಕ್ಕೆ ಕಾರಣವನ್ನು ಮೇಲೆ ಹೇಳಿದುದರಿಂದಲೇ ಊಹಿಸಬಹುದು. ಮುಳುಗುಗಾರನು ನೀರಿನ ಮೇಲೆ ಒದ್ದಾಡುವುದಿಲ್ಲ. ನೀರಿನೊಳಗೆ, ಶಾರ್ಕಿನ ಮಟ್ಟದಲ್ಲಿಯೇ ಮೆಲ್ಲಗೆ ಸಾಗುತ್ತಾನೆ. ಅವನ ಆಕಾರ ಪೂರ್ಣವಾಗಿ ಕಾಣುತ್ತದೆ. ಅವನ ಬಾಯಿಂದ ಏಳುವ ಗುಳ್ಳೆಗಳ ಸದ್ದು ಅವನ ಇರವನ್ನು ಮೊದಲೇ ಸಾರುತ್ತದೆ. ಶಾರ್ಕನ್ನು ಅವನೂ ಕಾಣಬಲ್ಲನು.

ಅಂಕಿಗಳನ್ನು ನೋಡುವಾಗ ಒಂದು ಎಚ್ಚರಿಕೆ ಬೇಕು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯಂಥ ಸಭೆಯಲ್ಲಿ ಈ ಅಂಕಿಗಳನ್ನು ಓದಿದರೆ, ಚುರುಕಾದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಬೇಕಾದ ಪ್ರಶ್ನೆಯಿದು: ‘ಎಷ್ಟು ಮಂದಿಯಲ್ಲಿ ಇಷ್ಟು?’ ಸಮುದ್ರಕ್ಕೆ ಇಳಿಯುವವರೇ ಕಡಮೆಯಾದರೆ ಕಡಿತಗಳೂ ಕಡಮೆಯಿರುವುದು ಸಹಜ. ಆದುದರಿಂದ ಮುಳುಗುಗಾರರನ್ನೇ ಪ್ರತ್ಯೇಕವಾಗಿ ತೆಗೆದುಕೊಳ್ಳೋಣ. ಅವರ ವಿಮಾಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಲೆಕ್ಕ ಹಾಕಿರುವಂತೆ, 2000ದಿಂದ 2006ರವರೆಗಿನ ಅವಧಿಯಲ್ಲಿ ವಿಮೆ ಮಾಡಿಸಿದ 1,00,000 ಮುಳುಗುಗಾರರಲ್ಲಿ ವರ್ಷಕ್ಕೆ ಸುಮಾರು 16 ಮಂದಿ ಮುಳುಗುವಾಗ ಸತ್ತರು. ಅದೇ ಸಂಸ್ಥೆಯವರು 1992ರಿಂದ 2003ರವರೆಗಿನ 947 ಸಾವುಗಳನ್ನು ಪರಿಶೀಲಿಸಿದಾಗ, ಆರಂಭದ ಕಾರಣ ಗೊತ್ತಾದ ಪ್ರಸಂಗಗಳಲ್ಲಿ 100ಕ್ಕೆ 41ರಲ್ಲಿ ಅದು ಉರುಳೆಯ ಗಾಳಿ ಮುಗಿದುಹೋದುದೇ ಆಗಿತ್ತು. ಮುಳುಗುಗಾರನ ಶತ್ರು ಹಲ್ಲುಳ್ಳ ಪ್ರಾಣಿಯಲ್ಲ. ಅವನ ಒತ್ತಡದ ಮಾಪಕದ ಮುಳ್ಳನ್ನು ನೋಡಲು ಮರೆತ ಅವನ ಅಜಾಗರೂಕತೆ.

ಒತ್ತಡದ ನಿಯಮ

ಸಮುದ್ರದಲ್ಲಿ ಪ್ರತಿ 10 ಮೀಟರು ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರಿನಲ್ಲಿ ಒಟ್ಟು ಎರಡು ವಾಯುಭಾರ, 20ರಲ್ಲಿ ಮೂರು. ಒತ್ತಡ ಅರ್ಧವಾದರೆ ಅನಿಲದ ಗಾತ್ರ ಇಮ್ಮಡಿಯಾಗುವುದೆಂಬ ಬಾಯ್ಲನ ನಿಯಮವನ್ನು ಹೈಸ್ಕೂಲಿನಲ್ಲೇ ಓದಿದ್ದೀರಿ. 10 ಮೀಟರಿನಲ್ಲಿ ಉಸಿರು ತುಂಬಿಕೊಂಡು, ಅದನ್ನು ಬಿಗಿಹಿಡಿದು ಮೇಲಕ್ಕೆ ಬಂದವನ ಶ್ವಾಸಕೋಶದ ಗಾಳಿ ಇಮ್ಮಡಿಯಾಗಲು ಹವಣಿಸುತ್ತದೆ. ಶ್ವಾಸಕೋಶ ಹರಿದು ಗಾಳಿಯ ಗುಳ್ಳೆ ರಕ್ತಕ್ಕೆ ಸೇರಬಹುದು. ಈಜುಕೊಳದಷ್ಟು ಕಡಮೆ ಆಳದಲ್ಲಿಯೂ ಇದು ಸಂಭವಿಸಬಲ್ಲುದು. ಇಲ್ಲಿ ಒಂದು ವಿಪರ್ಯಾಸವಿದೆ. ಬಸವನಗುಡಿಯ ಈಜುಕೊಳದಲ್ಲಿ ಪಳಗಿದ ಈಜುಗಾರನಿಗೆ ನೀರಿನೊಳಗೆ ಉಸಿರು ಹಿಡಿಯುವುದು ರೂಢಿಯಾಗಿ ಹೋಗಿರುತ್ತದೆ. ಸ್ಕೂಬಾದಲ್ಲಿ ಬಿಡಬೇಕಾದ ಮೊದಲ ರೂಢಿಯೇ ಅದು. ಶಾರ್ಕನ್ನು ಕಂಡು ಬೆದರಿ, ಉಸಿರು ಬಿಗಿಹಿಡಿದು ಒಮ್ಮೆಲೇ ಮೇಲಕ್ಕೆ ಚಿಮ್ಮಿದವನಿಗೆ ಕೇಡು ಮಾಡುವುದು ಶಾರ್ಕಲ್ಲ, ಆ ಬೆದರಿಕೆ.

ಎರಡನೆಯ ಅಪಾಯ ಇನ್ನೂ ನಿಧಾನವಾದುದು. ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತಮಾಂಸಗಳಲ್ಲಿ ಕರಗುತ್ತದೆ. ಬೇಗನೆ ಮೇಲೆ ಬಂದರೆ, ಗೋಲಿಸೋಡದ ಗೋಲಿಯನ್ನು ಒತ್ತಿದೊಡನೆ ಗುಳ್ಳೆಗಳೇಳುವಂತೆ, ದೇಹದಲ್ಲಿ ಸಾರಜನಕದ ಗುಳ್ಳೆಗಳು ಏಳುತ್ತವೆ. ಕೀಲುನೋವು, ಜೋಮು, ಕೆಲವೊಮ್ಮೆ ಪಾರ್ಶ್ವವಾಯು ಇದರ ಫಲ.

ಇದರಿಂದಲೇ ಬೆಂಗಳೂರಿನವರು ವಿಶೇಷವಾಗಿ ತಿಳಿಯಬೇಕಾದ ವಿಷಯವೊಂದಿದೆ. ಮುಳುಗಿದ ಬಳಿಕ ಒಡನೆಯೇ ವಿಮಾನವೇರಬಾರದೆಂದು ಹೇಳುತ್ತಾರೆ: ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಅನೇಕ ಸಲ ಮುಳುಗಿದ್ದರೆ 18 ಗಂಟೆ ಕಾಯಬೇಕು. ಸುಮಾರು 600ರಿಂದ 2,400 ಮೀಟರು ಎತ್ತರದ ವಾಯುಭಾರಕ್ಕೆ ಅನ್ವಯಿಸುವ ಸೂಚನೆಯಿದು. ಬೆಂಗಳೂರಿನ ಎತ್ತರ ಈ ಮಿತಿಯೊಳಗೇ ಇದೆ; ಇಲ್ಲಿಯ ವಾಯುಭಾರ ಕರಾವಳಿಯದಕ್ಕಿಂತ ಹೆಚ್ಚುಕಡಮೆ ಹತ್ತರಲ್ಲೊಂದು ಪಾಲು ಕಡಮೆ. ಮಧ್ಯಾಹ್ನ ನೇತ್ರಾಣಿಯಲ್ಲಿ ಮುಳುಗಿ, ಸಂಜೆಯೇ ಬಸ್ಸು ಹತ್ತಿ, ರಾತ್ರಿ ಘಟ್ಟವೇರುವವನು ತಿಳಿಯದೆಯೇ ಈ ಎಚ್ಚರಿಕೆಯನ್ನು ಮೀರುತ್ತಾನೆ. ಒಂದು ರಾತ್ರಿ ಕರಾವಳಿಯಲ್ಲೇ ತಂಗಿ ಮರುದಿನ ಹೊರಡುವುದು ವಿವೇಕ.

ಮುಳುಗದವರಿಗೂ ಸಮುದ್ರದಲ್ಲಿ ದೊಡ್ಡ ಅಪಾಯ ನೀರೇ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ವಿದ್ಯಾರ್ಥಿನಿಯರು ಇದೇ ಮುರುಡೇಶ್ವರದ ದಡದಲ್ಲಿ ಅಲೆಗಳ ಸೆಳೆತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಪ್ರಪಂಚದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3,00,000. ಶಾರ್ಕಿಗೆ ಹೆದರಿ ಅಲೆಗೆ ಹೆದರದವನ ಲೆಕ್ಕಾಚಾರ ತಲೆಕೆಳಗಾದುದು.

ಎದುರಾದಾಗ ಮಾಡತಕ್ಕದ್ದು

ಹೀಗೆಂದ ಮಾತ್ರಕ್ಕೆ ಶಾರ್ಕಿನೊಡನೆ ಸಲಿಗೆ ಸಲ್ಲದು. ಅದು ಕಾಡುಪ್ರಾಣಿ. ಕದಡಿದ ನೀರಿನಲ್ಲಿಯೂ, ಮುಂಜಾವು ಮುಸ್ಸಂಜೆಗಳಲ್ಲಿಯೂ ನೀರಿಗೆ ಇಳಿಯಬಾರದು. ಅನೇಕ ಶಾರ್ಕುಗಳು ಬೇಟೆಯಾಡುವ ಹೊತ್ತದು. ಹೊಳೆಯುವ ಆಭರಣಗಳನ್ನು ಧರಿಸಬಾರದು. ಮಸುಕು ಬೆಳಕಿನಲ್ಲಿ ಅವು ಮೀನಿನ ಹೊಳಪನ್ನು ಹೋಲುತ್ತವೆ. ಕಲ್ಲುಸಂದಿಯಲ್ಲಿ ಮಲಗಿದ ಬಿದಿರು ಶಾರ್ಕನ್ನು ಮುಟ್ಟಬಾರದು.

ಶಾರ್ಕ್ ಕಂಡರೆ ಉಸಿರಾಟವನ್ನು ನಿಲ್ಲಿಸದೆ, ನಿಧಾನವಾಗಿ ಮುಂದುವರಿಸಬೇಕು. ಕೈಕಾಲು ಬಡಿಯಬಾರದು; ಗಾಯಗೊಂಡ ಮೀನಿನ ಒದ್ದಾಟಕ್ಕೂ ಅದಕ್ಕೂ ಶಾರ್ಕಿಗೆ ಭೇದ ತಿಳಿಯದು. ಅದರ ಕಡೆಗೆ ಮುಖಮಾಡಿ, ಅದನ್ನು ದೃಷ್ಟಿಯಿಂದ ಬಿಡದೆ, ಸಂಗಡಿಗನೊಡನೆ ಒಟ್ಟಾಗಿದ್ದು, ಬೆನ್ನಿಗೆ ಬಂಡೆಯ ಆಸರೆ ಮಾಡಿಕೊಂಡು ಮೆಲ್ಲನೆ ಹಿಂದೆ ಸರಿಯಬೇಕು. ಅದು ಹೊರಟುಹೋಗುವ ದಾರಿಗೆ ಅಡ್ಡ ನಿಲ್ಲಬಾರದು. ಬೂದುಬಣ್ಣದ ಹವಳದಿಬ್ಬದ ಶಾರ್ಕ್ ಮುನಿಯುವ ಮೊದಲು ಸೂಚನೆ ಕೊಡುವುದೆಂದು ಅಮೆರಿಕದ ವಿಜ್ಞಾನಿಗಳು 1973ರಲ್ಲಿ ವರ್ಣಿಸಿದ್ದಾರೆ: ಬೆನ್ನು ಬಾಗಿಸಿ, ಮೂತಿಯನ್ನೆತ್ತಿ, ಎದೆಯ ರೆಕ್ಕೆಗಳನ್ನು ಕೆಳಕ್ಕಿಳಿಸಿ, ಮೈಯನ್ನು ಅತಿಯಾಗಿ ತಿರುಚುತ್ತ ಈಜುತ್ತದೆ. ಬೀದಿನಾಯಿ ಹಲ್ಲು ಕಿರಿದು ಗುರುಗುಟ್ಟುವಂತೆ, ‘ಇಲ್ಲಿಂದ ತೊಲಗು’ ಎಂಬುದೇ ಇದರ ಅರ್ಥ. ಆಗ ಗೌರವದಿಂದ ಹಿಂದಿರುಗುವುದೇ ಜಾಣತನ. ಕಡಿತವಾದ ಪಕ್ಷದಲ್ಲಿ ಗಾಯವನ್ನು ಬಲವಾಗಿ ಒತ್ತಿ ಹಿಡಿದು ರಕ್ತವನ್ನು ನಿಲ್ಲಿಸುವುದೇ ಮೊದಲ ಚಿಕಿತ್ಸೆ. ಕೈಕಾಲುಗಳಿಂದ ರಕ್ತ ಚಿಮ್ಮುತ್ತಿದ್ದರೆ ಗಾಯದ ಮೇಲ್ಭಾಗದಲ್ಲಿ ಬಿಗಿಯಾಗಿ ಪಟ್ಟಿ ಕಟ್ಟಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಯಾರಿಗೆ ಯಾರ ಭಯ?

ಇನ್ನೊಂದು ಪಕ್ಷದ ಲೆಕ್ಕವನ್ನೂ ನೋಡುವುದು ನ್ಯಾಯ. ಮನುಷ್ಯರು ವರ್ಷಕ್ಕೆ ಸುಮಾರು 10 ಕೋಟಿ ಶಾರ್ಕುಗಳನ್ನು ಕೊಲ್ಲುತ್ತಿರುವರೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ ಮೀನುಗಳ ಸಂಖ್ಯೆ 1970ರಿಂದೀಚೆಗೆ 100ಕ್ಕೆ 71ರಷ್ಟು ಇಳಿದಿದೆಯೆಂದು 2021ರ ಮತ್ತೊಂದು ಅಧ್ಯಯನ ತಿಳಿಸಿತು. ಶಾರ್ಕುಗಳು ನಿಧಾನವಾಗಿ ಬೆಳೆದು, ತಡವಾಗಿ, ಕೆಲವೇ ಮರಿಗಳನ್ನು ಹಾಕುವ ಪ್ರಾಣಿಗಳು. ಬಂಗುಡೆ, ಬೂತಾಯಿಗಳಂತೆ ಲಕ್ಷೋಪಲಕ್ಷ ಮೊಟ್ಟೆಯಿಡುವುದಿಲ್ಲ. ಒಮ್ಮೆ ಕುಗ್ಗಿದ ಸಂತತಿ ಚೇತರಿಸಿಕೊಳ್ಳಲು ಬಹುಕಾಲ ಬೇಕು. ನಮ್ಮ ದೇಶದಲ್ಲಿ 2001ರಲ್ಲಿ ತಿಮಿಂಗಿಲ ಶಾರ್ಕಿಗೆ ವನ್ಯಜೀವಿ ಸಂರಕ್ಷಣಾ ಕಾನೂನಿನ ರಕ್ಷಣೆ ದೊರೆಯಿತು. 2013ರಲ್ಲಿ, ರೆಕ್ಕೆಗಳನ್ನಷ್ಟೇ ಕತ್ತರಿಸಿಕೊಂಡು ದೇಹವನ್ನು ಕಡಲಿಗೆ ಎಸೆಯುವುದನ್ನು ತಡೆಯಲು, ಮೀನನ್ನು ರೆಕ್ಕೆಸಹಿತವಾಗಿಯೇ ದಡಕ್ಕೆ ತರಬೇಕೆಂಬ ನೀತಿ ಜಾರಿಗೆ ಬಂದಿತು.

ಜೀವಿಗಳ ಇತಿಹಾಸದಲ್ಲಿ ಶಾರ್ಕುಗಳು 40 ಕೋಟಿ ವರ್ಷಗಳಿಂದ ಇವೆ. ಮರಗಳ ಕಾಡು ನೆಲವನ್ನು ಆವರಿಸುವ ಮೊದಲೇ ಅವು ಸಮುದ್ರದಲ್ಲಿದ್ದುವು. ಇಷ್ಟು ಕಾಲ ಬಾಳಿದ ಕುಲವನ್ನು ಸುಳ್ಳು ಭಯದಿಂದ ನೋಡಿದರೆ ಎರಡು ನಷ್ಟಗಳಾಗುವುವು. ದ್ವೇಷಿಸುವ ಪ್ರಾಣಿಯನ್ನು ಉಳಿಸಲು ಯಾರೂ ಮುಂದಾಗರು. ಇದು ಶಾರ್ಕಿನ ನಷ್ಟ. ಇಲ್ಲದ ಶತ್ರುವನ್ನು ಹುಡುಕುತ್ತಿರುವ ಕಣ್ಣು ಮಾಪಕದ ಮುಳ್ಳನ್ನೂ ಅಲೆಯ ಸೆಳೆತವನ್ನೂ ಗಮನಿಸದು. ಇದು ಮನುಷ್ಯನ ನಷ್ಟ. ಮೊದಲನೆಯದಕ್ಕಿಂತ ಎರಡನೆಯದು ಬೇಗ ಪ್ರಾಣ ತೆಗೆಯುತ್ತದೆ. ನೇತ್ರಾಣಿಗೆ ಹೊರಡುವ ತರುಣ ತರುಣಿಯರು ಬಾಯ್ಲನ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ಇಳಿಯಲಿ. ಕಪ್ಪು ತುದಿಯ ರೆಕ್ಕೆಯೊಂದು ದೂರದಲ್ಲಿ ಸುಳಿದು ಮರೆಯಾದರೆ, ಆ ಹವಳದಿಬ್ಬ ಇನ್ನೂ ಜೀವಂತವಾಗಿದೆಯೆಂದು ತಿಳಿದು ಸಂತೋಷಪಡಲಿ.